ಅಪ್ಪನ ಕಿವಿಯ ಪುಟ್ಟ ಬಾಗಿಲು

ನಾನು ಚಿಕ್ಕವನಿದ್ದಾಗ ನನ್ನ ಅಣಕಕ್ಕೆ ಸಿಗದೆ ಉಳಿದವರು ತಾಂಡೂರಿನಲ್ಲಿ ಯಾರೂ ಇರಲಿಲ್ಲ. ಮಠದ ಅಯ್ಯನವರ ಸೀನು, ನಿಜಾಮರ ಪೊಲೀಸನ ಮೀಸೆ ತಿರುವುವ ಗತ್ತು, ಕೊನೆಗೆ ನನ್ನದೇ ಮೂಗಿನ ಸೊರಸೊರ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅಪ್ಪನನ್ನು ಅಣಕಿಸಿದ್ದು ಮಾತ್ರ ಇಂದಿಗೂ ಚುಚ್ಚುತ್ತದೆ.

ಮಕ್ಕಳೇ, ನಿಮ್ಮ ಕಿವಿ ಮುಟ್ಟಿ ನೋಡಿಕೊಳ್ಳಿ. ತೂತಿನ ಮುಂದೆ, ಕೆನ್ನೆಯ ಬದಿಗೆ, ಒಂದು ಪುಟ್ಟ ಚೂರು ನಿಂತಿದೆಯಲ್ಲ? ಒಳಗೆ ಮೆತ್ತನೆಯ ಎಲುಬು, ಮೇಲೆ ತೊಗಲು. ಹಿಂದಿನಿಂದ ಬರುವ ಸದ್ದನ್ನು ತಡೆದು ತೂತಿನೊಳಕ್ಕೆ ಕಳಿಸುವುದು ಅದರ ಕೆಲಸ. ಬೆರಳಿನಿಂದ ಒತ್ತಿದರೆ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ನನ್ನದರ ಮೇಲೆ ಈಗ ಆಡಿನ ಗಡ್ಡದಂತೆ ಕೂದಲು ಬೆಳೆದಿದೆ, ನಗಬೇಡಿ.

ಅಪ್ಪನ ಅನ್ನ ಆ ಚೂರಿನಲ್ಲಿತ್ತು. ಅವನು ಹಾಸುಗಲ್ಲಿನ ಗಣಿಯಲ್ಲಿ ಕಲ್ಲಿನ ಸದ್ದು ಕೇಳುವವನು. ಸುತ್ತಲೂ ಉಳಿಗಳ ಟಣಟಣ. ಅಪ್ಪ ಬಲಗಿವಿಯ ಚೂರನ್ನು ಒತ್ತಿ ಆ ಗದ್ದಲವನ್ನು ಹೊರಗಿಟ್ಟು, ಎಡಗಿವಿಯನ್ನು ಚಪ್ಪಡಿಯ ಹತ್ತಿರ ಬಗ್ಗಿಸಿ, ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದ. ಗಂಟೆಯಂತೆ ಸದ್ದು ಬಂದರೆ ಕಲ್ಲು ಗಟ್ಟಿ. ಒಡಕು ಮಡಕೆಯಂತೆ ಬಂದರೆ ಒಳಗೆ ಬಿರುಕು.

ಒಂದು ಮಧ್ಯಾಹ್ನ ಅಕ್ಕನೂ ನಾನೂ ಜೋಳದ ರೊಟ್ಟಿ, ಪುಂಡಿಪಲ್ಯ ತೆಗೆದುಕೊಂಡು ಗಣಿಗೆ ಹೋದೆವು. ಕಾದ ಕಲ್ಲಿನ ಪುಡಿ ಬಾಯೊಳಗೂ ಕರಕರ ಎನ್ನುತ್ತಿತ್ತು. ಅಪ್ಪ ದೂರದಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದ. ಉಣ್ಣುತ್ತಿದ್ದ ಆಳುಗಳು, "ನಿಮ್ಮಪ್ಪನ್ನ ಮಾಡಿ ತೋರ್ಸಲೆ, ನೋಡೂಣು!" ಎಂದರು. ನನಗೆ ಅಷ್ಟೇ ಸಾಕಿತ್ತು. ಅಕ್ಕ ಅಂಗಿ ಜಗ್ಗಿದಳು, ನಾನು ಕೊಡವಿಕೊಂಡೆ. ಕಿವಿಯ ಚೂರು ಒತ್ತಿದೆ, ಚಪ್ಪಡಿ ಬಡಿದೆ, ಆಮೇಲೆ ಅದರ ಮೇಲೆ ಅಂಗೈ ಹರಡಿ ಕಣ್ಣು ಮುಚ್ಚಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಳುಗಳ ಮೇಲಿನವನಾದ ಮುಕದ್ದಮನೂ ನಕ್ಕು ಕೇಳಿದ:

"ಅಂಗೈ ಯಾಕ ಇಟ್ಟಿಲೆ?"

"ಅಪ್ಪ ಈಗೀಗ ಹಂಗೇ ಮಾಡ್ತಾನ್ರಿ. ಕಿವಿ ಬಗ್ಗಸಂಗೇ ಇಲ್ಲ."

ಮುಕದ್ದಮನ ನಗು ನಿಂತಿತು. ಎದ್ದು ಹೋಗಿ ಅಪ್ಪನ ಬೆನ್ನ ಹಿಂದೆ ನಿಂತು, "ಏ, ಹಾವು! ನಿನ್ನ ಹಿಂದ ಹಾವು ಅದ!" ಎಂದು ಕೂಗಿದ. ಅಪ್ಪ ತಿರುಗಲಿಲ್ಲ. ವರ್ಷಗಟ್ಟಲೆಯ ಬಡಿತ ಅವನ ಕಿವಿಗಳನ್ನು ತಿಂದುಹಾಕಿತ್ತು. ಬಾಗಿಲು ಗಟ್ಟಿಯಾಗಿಯೇ ಇತ್ತು, ಮನೆಯೊಳಗೆ ಯಾರೂ ಇರಲಿಲ್ಲ.

ಮುಕದ್ದಮ ಎದುರಿಗೆ ಬಂದು ತನ್ನ ಕಿವಿ ಮುಟ್ಟಿ ತೋರಿಸಿ, ಅಪ್ಪನ ಸುತ್ತಿಗೆ ಕಿತ್ತುಕೊಂಡ.

"ಕಲ್ಲು ಕೈಗಿ ಗೊತ್ತಾಗ್ತದ್ರಿ," ಅಪ್ಪ ಎದ್ದು ನಿಂತು ಹೇಳಿದ. "ಒಂದರೆ ತಪ್ಪಾಗ್ಯಾದೇನ್ರಿ?"

ಒಂದೂ ತಪ್ಪಾಗಿರಲಿಲ್ಲ. ಆದರೆ ಗಣಿಗೆ ಬೇಕಾಗಿದ್ದು ಕಿವಿ. ಮರುದಿನದಿಂದ ಅಪ್ಪ ಅರ್ಧ ಕೂಲಿಗೆ ಚಪ್ಪಡಿ ಹೊರತೊಡಗಿದ.

ಅವತ್ತು ಮನೆಗೆ ಮರಳುವ ದಾರಿಯಲ್ಲಿ ಅಕ್ಕ, "ನನಗ ಗೊತ್ತಿತ್ತು, ಅವ್ವಗೂ ಗೊತ್ತಿತ್ತು. ನಿನಗ ಯಾಕ ಹೇಳಿರಲಿಲ್ಲಂತ ಈಗ ತಿಳೀತೇನು?" ಎಂದಳು. ಅಪ್ಪ ಮಾತ್ರ ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಅಣಕಿಸಿ ಹಗುರಾಗುತ್ತಿದ್ದೆ.

ನಿಮ್ಮ ಕಾಲ ಬೇರೆ. ಹಾಡು ಕೇಳುವ ಗುಂಡಿಗಳನ್ನು ಅದೇ ಚೂರಿಗೆ ಸಿಕ್ಕಿಸಿಕೊಂಡು ಬೇಕೆಂದೇ ಕಿವುಡರಾಗುತ್ತೀರಿ, ಸಾಕೆನಿಸಿದಾಗ ಕಿತ್ತಿಡುತ್ತೀರಿ. ನನ್ನ ಕಿವಿಯೂ ಈಗ ಮಂದ. ನಾನು ಕತ್ತು ಚಾಚಿ "ಆಂ?" ಎನ್ನುವುದನ್ನು ನೀವು ಅಣಕಿಸಿದಾಗ ಮನೆಯವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಮಾಡಿ, ಚೆನ್ನಾಗಿಯೇ ಮಾಡುತ್ತೀರಿ. ನಾನು ಕಿವುಡನೆಂದು ಊರಿಗೆಲ್ಲ ಗೊತ್ತಾದರೂ ರಾತ್ರಿ ನನ್ನ ತಾಟಿಗೆ ಊಟ ಬೀಳುತ್ತದೆ. ಅಪ್ಪನಿಗೆ ಅಷ್ಟು ನೆಮ್ಮದಿ ಸಿಕ್ಕಿರಲಿಲ್ಲ.