ಚಾಟ್ನಿಗೆ ಹೋದವರ ಹಾಜರಿ

ಕಾಗವಾಡದ ನಮ್ಮ ಕಾಲೇಜಿನ ಗುಮಾಸ್ತ ಭೂಪಾಲಣ್ಣನಿಗೆ ಒಂದು ಚಾಳಿಯಿದೆ. ಏನು ಕಂಡರೂ ‘ಯಾಕ್ರಿ?’ ಅನ್ನಬೇಕು. ಗಡಿಯಾರ ಐದು ನಿಮಿಷ ಮುಂದಿದ್ದರೂ ಯಾಕ್ರಿ, ಸುತ್ತೋಲೆಗೆ ಎರಡು ಸಹಿ ಬೇಕೆಂದರೂ ಯಾಕ್ರಿ. ಪ್ರಾಂಶುಪಾಲರು ಅವನನ್ನು ಕಂಡರೆ ದಾರಿ ಬದಲಿಸುತ್ತಾರೆ. ನಾನು ಮೊದಲೇ ಸಿಡುಕಿ, ನನಗಂತೂ ತಲೆ ಚಿಟ್ಟು ಹಿಡಿಯುತ್ತಿತ್ತು.

ನಾನು ಕಲಿಸುವುದು ದ್ರಾಕ್ಷಿ ಬೆಳೆಯ ಡಿಪ್ಲೊಮಾಕ್ಕೆ. ಕಳೆದ ಸೆಪ್ಟೆಂಬರಿನಲ್ಲಿ ಅದನ್ನು ಪರಿಶೀಲಿಸಲು ವಿಶ್ವವಿದ್ಯಾಲಯದ ಸಮಿತಿ ಬಂತು. ಎರಡು ವರ್ಷದಿಂದ ಅಕ್ಟೋಬರ್ ತಿಂಗಳ ಹಾಜರಿ ಅರ್ಧಕ್ಕಿಂತ ಕಡಿಮೆ. ಸರಿಯಾದ ಕಾರಣ ಹೇಳದಿದ್ದರೆ ಕೋರ್ಸು ಬಂದ್.

ಭೂಪಾಲಣ್ಣನ ಮಗಳು ಅಪೂರ್ವ ಜೂನ್‌ನಲ್ಲಷ್ಟೇ ಸೇರಿದ್ದಳು. “ಇದು ಬಂದ್ ಆದ್ರ ಆಕಿ ಸಾಲಿನೂ ಬಂದ್ ರೀ. ಧಾರವಾಡಕ್ಕ ಕಳಸಾಕ ನಮ್ಮವ್ವ ಒಪ್ಪಂಗಿಲ್ಲ,” ಎಂದು ಅವನು ಬೆಳಿಗ್ಗೆಯೇ ಹೇಳಿದ್ದ.

ಸಮಿತಿಯ ಅಧ್ಯಕ್ಷರು ಮೈಸೂರು ಕಡೆಯವರು. ಹುಡುಗರು ಗೈರಿಗೆ ಕಾರಣ ಬರೆದುಕೊಟ್ಟ ಚೀಟಿಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದರು.

“ಹದಿನೇಳು ಜನ ‘ಚಟ್ನಿಗೆ ಹೋಗಿದ್ದೆ’ ಅಂತ ಬರೆದಿದ್ದಾರೆ. ಏನಮ್ಮ ಇದು, ತಮಾಷೆನಾ?”

“ಚಟ್ನಿ ಅಲ್ಲ ಸರ್, ಚಾಟ್ನಿ. ತೋಟದ ಕೆಲಸ. ಪ್ರತಿ ವರ್ಷ ಇದೇ ನೆಪ,” ಎಂದೆ ನಾನು, ಮೈಯೆಲ್ಲ ಉರಿದು.

ಹಾಜರಿ ಪುಸ್ತಕ ಹಿಡಿದು ಬಾಗಿಲ ಬಳಿ ನಿಂತಿದ್ದ ಭೂಪಾಲಣ್ಣ ನನ್ನ ಪಾಠದ ಯೋಜನೆಯ ಹಾಳೆಯನ್ನೇ ನೋಡುತ್ತಿದ್ದ.

“ಮೇಡಂ, ಅಕ್ಟೋಬರ್ ಪಾಠ ‘ಸವರುವಿಕೆ’ ಅಂತ ಐತಿ. ಹಂಗಂದ್ರ ಏನ್ರಿ?”

“ಹಣ್ಣು ಹಿಡೀಲಿ ಅಂತ ಬಳ್ಳಿ ಕಡ್ಡಿ ಕತ್ತರಸೋದು. ಸುಮ್ನಿರಿ ನೀವು.”

“ಅದಽ ಚಾಟ್ನಿ ಅಲ್ಲೇನ್ರಿ?” ಅವನು ನಿಜಕ್ಕೂ ಕೇಳುತ್ತಿದ್ದ, ಕೊಂಕಿರಲಿಲ್ಲ. “ಮತ್ತ ಚಾಟ್ನಿ ಮಾಡಾಕ ಹೋದವ್ರಿಗೆ ಚಾಟ್ನಿ ಪಾಠದಾಗ ಗೈರು ಹಾಕೀವಲ್ರಿ, ಯಾಕ್ರಿ?”

ನಾನು ಇದೇ ಸೀಮೆಯ ಭೋಜದವಳು, ಚಾಟ್ನಿ ಎಂಬ ಮಾತು ಗೊತ್ತಿಲ್ಲದವಳಲ್ಲ. ಸವರುವಿಕೆಯೂ ಗೊತ್ತಿತ್ತು. ಒಂದು ಊರಿನ ಮಾತು, ಒಂದು ಪುಸ್ತಕದ ಮಾತು. ಎರಡನ್ನೂ ಒಟ್ಟಿಗಿಟ್ಟು ಒಮ್ಮೆಯೂ ನೋಡಿರಲಿಲ್ಲ. ಖಾಲಿ ಬೆಂಚುಗಳ ಮುಂದೆ ಬೋರ್ಡಿನ ಮೇಲೆ ಬಳ್ಳಿಯ ಚಿತ್ರ ಬರೆದು, ಎಲ್ಲಿ ಕತ್ತರಿಸಬೇಕೆಂದು ಗೆರೆ ಎಳೆಯುತ್ತಿದ್ದೆ. ನಾಚಿಕೆಯಾಯಿತು.

ಅಧ್ಯಕ್ಷರು ನಕ್ಕುಬಿಟ್ಟರು. ಆಮೇಲೆ ಸುಮಾರು ಹೊತ್ತು ಭೂಪಾಲಣ್ಣನನ್ನೇ ಕೂರಿಸಿಕೊಂಡು ಯಾವ ಊರಿನಲ್ಲಿ ಯಾವಾಗ ಚಾಟ್ನಿ ಎಂದು ಕೇಳಿ ಬರೆದುಕೊಂಡರು. ಅಕ್ಟೋಬರ್ ಪಾಠ ತೋಟದಲ್ಲೇ ನಡೆಯಲಿ, ಹಾಜರಿಯೂ ಅಲ್ಲೇ ಆಗಲಿ, ಒಂದು ವರ್ಷ ನೋಡೋಣ ಎಂದು ಬರೆದು ಹೋದರು.

ಅಕ್ಟೋಬರ್ ಎರಡನೆಯ ವಾರ ಅಪೂರ್ವಳ ಸೋದರಮಾವನ ತೋಟಕ್ಕೆ ಹೋದೆವು. ಮೂವತ್ತೊಂದಕ್ಕೆ ಮೂವತ್ತೊಂದು ಜನ ಬಂದಿದ್ದರು. ಕತ್ತರಿ ಎಲ್ಲಿಡಬೇಕೆಂದು ನಾನು ಹೇಳಹೊರಟರೆ, ಎರಡನೆಯ ವರ್ಷದವರು “ಅಲ್ಲಲ್ರಿ ಮೇಡಂ, ಈ ಕಣ್ಣಿನ ಮ್ಯಾಲ,” ಎಂದು ಕಡ್ಡಿಯ ಚಿಗುರುಮೊಗ್ಗು ತೋರಿಸಿ ನನ್ನ ಕೈಯನ್ನೇ ಸರಿಸಿದರು. ಅಪೂರ್ವ ಮುಖ ತಿರುಗಿಸಿ ನಗುತ್ತಿದ್ದಳು.

ಭೂಪಾಲಣ್ಣ ಬದುವಿನ ಮೇಲೆ ಕುಳಿತು ಒಬ್ಬೊಬ್ಬರ ಹೆಸರು ಕೂಗಿ ಹಾಜರಿ ಹಾಕಿದ. ಆಮೇಲೆ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದ.

“ಹುಡುಗ್ರು ಆಗಲೂ ತೋಟದಾಗಽ ಇದ್ರಲ್ರಿ ಮೇಡಂ. ಹಂಗಾದ್ರ ಹ್ವಾದ ಎರಡು ವರ್ಷ ಗೈರು ಯಾರು?”

“ನನ್ನ ಹೆಸರು ಬರ್ಕೋರಿ, ಭೂಪಾಲಣ್ಣ,” ಎಂದೆ.