ಭುಜದ ಮೇಲಿನ ಪಿನ್ನು

ಅವರ ಎಡಗೈ ಬಳೆಯಲ್ಲಿ ಸೇಫ್ಟಿ ಪಿನ್ನುಗಳ ಗೊಂಚಲೇ ನೇತಾಡುತ್ತಿತ್ತು. ಇಳಿಯಲು ಎದ್ದು ಲೋಕಲ್ ರೈಲಿನ ಹಿಡಿಕೆ ಹಿಡಿದರೆ ಎಲ್ಲವೂ ಮೊಣಕೈಯತ್ತ ಜಾರಿ ಕಿಣಿಕಿಣಿ ಎನ್ನುತ್ತಿದ್ದವು. ಮಲಾಡಿನಿಂದ ಹೊರಡುವ ಸ್ಲೋ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ನನಗೊಂದು ಸೀಟು ಹಿಡಿದಿಡುತ್ತಿದ್ದರು. ಧಾರವಾಡದ ಕಡೆಯವರು, ಗ್ರಾಂಟ್ ರೋಡಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ. ನಾನು ಅಕ್ಕಾ ಎಂದು ಕರೆಯುತ್ತಿದ್ದೆ.

ಮಡಿಲ ಪರ್ಸಿನ ಮೇಲೆ ದುಪಟ್ಟಾ ಹಾಸಿ ನಾವು ನಾಲ್ವರು ತೀನ್ ಪತ್ತಿ ಆಡುತ್ತಿದ್ದೆವು. ಒಬ್ಬೊಬ್ಬರಿಗೆ ಮೂರು ಎಲೆ, ಪಣಕ್ಕೆ ಪಿನ್ನು. ಯಾರಾದರೂ ದುಡ್ಡು ತೆಗೆದರೆ ಅಕ್ಕ ಕೆಂಡ. "ಜೂಜು ಆಡೂದಿದ್ರ ಗಂಡಸರ ಡಬ್ಬಿಗೆ ಹೋಗ್ರಿ!"

ಅವರ ಜಾಣತನವೆಲ್ಲ ಒಳ್ಳೆಯ ಎಲೆ ಬಂದಾಗ ನೋಡಬೇಕು. ನಾನಾದರೋ ಜೋಡಿ ರಾಣಿ ಬಂದರೆ ಸಾಕು, ಹಿಡಿ ಪಿನ್ನು ಸುರಿದುಬಿಡುತ್ತಿದ್ದೆ. ಎಲ್ಲರೂ ಎಲೆ ಮಡಚಿ ಆಟ ಬಿಟ್ಟು ನಗುತ್ತಿದ್ದರು.

"ಹಂಗ ಹೆದರಿಸಬ್ಯಾಡವಾ," ಎನ್ನುತ್ತಿದ್ದರು ಅಕ್ಕ. "ಅವರ ಹತ್ರ ಎಷ್ಟು ಉಳದಾವು ನೋಡು, ಅವರು ಬರೂವಷ್ಟ ಹಾಕು. ಅವರ ಕೈಯಾಗ ನಿನಗಿಂತ ದೊಡ್ಡದಿದ್ರ? ಅದಕ್ಕೂ ಒಂದಿಷ್ಟು ಇಟ್ಕೋ. ಸೀರಿ ಪಿನ್ನು ಅಂತೂ ಮುಟ್ಟಬ್ಯಾಡ. ಸೆರಗು ಜಾರಿಸ್ಕೊಂಡು ಸ್ಟೇಷನ್ನಿಗೆ ಇಳೀತೀಯೇನು?"

ಒಂದು ಬೆಳಿಗ್ಗೆ ಅಕ್ಕನಿಗೆ ಮೂರು ರಾಜ ಬಂದವು. ಮೂರು ಎಕ್ಕ ಬಿಟ್ಟರೆ ಅದನ್ನು ಸೋಲಿಸುವ ಕೈಯೇ ಇಲ್ಲ. ಪಾರ್ಲೆಯಲ್ಲಿ ಹತ್ತಿ ನಮ್ಮ ಜೊತೆ ಆಡುವ ಹೆಂಗಸು ಮಾತ್ರ ಹಿಂದೆ ಸರಿಯಲಿಲ್ಲ. ಅಕ್ಕನ ಬಳೆ ಬರಿದಾಯಿತು. ಬೆರಳು ಭುಜದ ಪಿನ್ನಿನ ತನಕ ಹೋಗಿ ನಿಂತಿತು. "ಸಾಕವಾ," ಎಂದು ಎಲೆ ಮಡಚಿಬಿಟ್ಟರು. ಆಮೇಲೆ ನನಗೆ ಮೂರು ರಾಜರನ್ನು ತೋರಿಸಿದರು.

"ಇಂಥಾ ಎಲೆ ಇಟ್ಕೊಂಡು ಯಾರಾದ್ರೂ ಬಿಡ್ತಾರಾ ಅಕ್ಕಾ?"

"ಎಕ್ಕಾನೂ ಅದ ಕಟ್ಟಿನ್ಯಾಗ ಇರ್ತಾವಲ್ಲ," ಎಂದು ನಕ್ಕರು.

ಹೋದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಡಾಕ್ಟರು ಮೊದಲು ಭರವಸೆಯನ್ನೇ ಕೊಟ್ಟರು. "ಕೈ ಛಲೋ ಬಂದೈತಿ, ಆಡೂಣು," ಎಂದರು ಅಕ್ಕ. ಆಪರೇಷನ್, ಕೀಮೋ ಎರಡನ್ನೂ ಹಲ್ಲು ಕಚ್ಚಿ ತಡೆದುಕೊಂಡರು. ಗಡ್ಡೆ ಮತ್ತೆ ಬಂತು. ಇನ್ನೊಂದು ಆಪರೇಷನ್ ಮಾಡಬಹುದು, ದೇಹ ತಾಳಿದರೆ ಉಳಿಯಬಹುದು ಎಂದರು ಡಾಕ್ಟರು.

"ಸಾಕವಾ. ಉಳಿದಷ್ಟು ದಿನ ಸೀರಿ ಉಟ್ಕೊಂಡು ಮನ್ಯಾಗ ಅಡ್ಡಾಡ್ತೀನಿ," ಎಂದರು ಅಕ್ಕ. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಮಗಳು ಬಿಡಲಿಲ್ಲ. ಕನ್ನಡಕ್ಕೆ ತಡವರಿಸುವ ಹುಡುಗಿ. "ಮಮ್ಮಿ, ಪ್ಲೀಸ್, ಏಕ್ ಬಾರ್... ಒಂದೇ ಸಲ. ನನಗೆ ನೀನು ಬೇಕು," ಎಂದು ಅವರ ಕೈಗೆ ಮುಖ ಒತ್ತಿ ಅತ್ತಳು. ಅಕ್ಕ ನನ್ನ ಕಡೆ ನೋಡಿದರು. "ಇಕಿ ಮುಂದ ನನ್ನ ಆಟ ನಡ್ಯಾಂಗಿಲ್ಲ ನೋಡು," ಎಂದು ಒಪ್ಪಿಕೊಂಡರು.

ಆಪರೇಷನ್ ಆದ ಮೇಲೆ ಅಕ್ಕ ಮತ್ತೆ ಮನೆ ಕಾಣಲಿಲ್ಲ. ಐಸಿಯುನಲ್ಲಿ, ಬೆನ್ನಿಗೆ ಲಾಡಿ ಕಟ್ಟುವ ಆಸ್ಪತ್ರೆಯ ಹಸಿರು ಗೌನಿನಲ್ಲೇ ಹೋದರು. ಬಳೆಯನ್ನೂ ತೆಗೆಸಿದ್ದರು. ಆ ಬೋಳು ಕೈ ನೋಡಿ ನನಗೆ ಮಗಳ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಅವಳ ಮುಖ ನೋಡಿದ ಮೇಲೆ ಸಿಟ್ಟು ಉಳಿಯಲಿಲ್ಲ.

ಅವಳು ಮನೆಯಿಂದ ಇಳಕಲ್ ಸೀರೆ ತಂದಿದ್ದಳು, ಉಡಿಸಲು ಬಾರದು. ಇಬ್ಬರೂ ಸೇರಿ ಉಡಿಸಿದೆವು. ಸೆರಗು ಮಾತ್ರ ಜಾರುತ್ತಲೇ ಇತ್ತು.

"ಆಂಟಿ, ಪಿನ್ ಹೈ ಕ್ಯಾ?"

ನನ್ನ ಬಳೆಯಲ್ಲಿ ಒಂದೂ ಇರಲಿಲ್ಲ. ಅಕ್ಕ ಬರುವುದು ನಿಂತ ಮೇಲೆ ನಮ್ಮ ಆಟವೂ ನಿಂತಿತ್ತು. ನನ್ನ ಭುಜದ್ದನ್ನೇ ಬಿಚ್ಚಿ ಅವರ ಸೆರಗಿಗೆ ಚುಚ್ಚಿದೆ. ಸಂಜೆಯ ಲೋಕಲ್ಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಸೆರಗು ಹಿಡಿದುಕೊಂಡು ಮಲಾಡಿನ ತನಕ ನಿಂತೇ ಬಂದೆ.