ಕರಿಕೆಯ ಪೆರೋಲ್ ವಿಚಾರಣೆ

ಪದವಿಗೆ ಅಪರಾಧಶಾಸ್ತ್ರ ತೆಗೆದುಕೊಂಡಾಗ ಗಾಳಿಬೀಡಿನ ನಮ್ಮ ಮನೆಯಲ್ಲಿ ಅದೇನೆಂದು ಯಾರಿಗೂ ಅರ್ಥವಾಗಲಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪ ಕೇಳಿದವರಿಗೆಲ್ಲ "ಮಗಳು ಪೊಲೀಸ್ ಓದ್ತಿದ್ದಾಳೆ" ಎಂದುಬಿಡುತ್ತಿದ್ದರು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ಕೂತು ಶಿಕ್ಷೆಯ ಸಿದ್ಧಾಂತಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಕೊನೆಯ ವರ್ಷ ಎಂಟು ವಾರದ ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು. ಗೆಳತಿಯರು ಬೆರಳಚ್ಚು ವಿಭಾಗ, ಸೈಬರ್ ಠಾಣೆ ಎಂದು ಅರ್ಜಿ ಹಾಕಿದರು. ನನಗೆ ಮನೆಯದೇ ಧ್ಯಾನ. ಹಾಗಾಗಿ ಮನೆಗೆ ಹತ್ತಿರದ ಮಡಿಕೇರಿಯಲ್ಲಿ ಪರಿವೀಕ್ಷಣಾಧಿಕಾರಿಯ ಕಚೇರಿಯನ್ನು ಆರಿಸಿಕೊಂಡೆ. ಕೈದಿಗಳ ಮನೆಗೆ ಹೋಗಿ ವಿಚಾರಿಸಿ ವರದಿ ಬರೆಯುವುದು ಅಲ್ಲಿನ ಕೆಲಸ.

ಅಧಿಕಾರಿ ಮೇಡಂ ಸೋಮವಾರಪೇಟೆ ಕಡೆಯವರು, ನಿವೃತ್ತಿಗೆ ಒಂದು ವರ್ಷವಿದ್ದವರು. ಕಚೇರಿಗೆ ಜೀಪ್ ಇರಲಿಲ್ಲ. ಎಲ್ಲಿಗೆ ಹೋದರೂ ಬಸ್ಸೇ. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕದ ಸೀಟು ನನಗೇ ಬಿಡುತ್ತಿದ್ದರು. "ನೋಡ್ಕಂಡು ಬಾ, ಪುಸ್ತಕದಲ್ಲಿ ಇಲ್ದಿರೋದೆಲ್ಲ ಹೊರಗೈತೆ" ಎನ್ನುತ್ತಿದ್ದರು. ಆ ಸೀಟು, ಆ ಮಾತು ಈಗಲೂ ನೆನಪಾಗುತ್ತವೆ.

ಐದನೆಯ ವಾರ ಕರಿಕೆ ಎಂಬ ಊರಿನ ಒಂದು ಪೆರೋಲ್ ಅರ್ಜಿ ಬಂತು. ಮೈಸೂರಿನ ಜೈಲಿನಲ್ಲಿದ್ದ ಜೀವಾವಧಿ ಕೈದಿಯೊಬ್ಬ ಕೆಲವು ದಿನಗಳ ಮಟ್ಟಿಗೆ ಊರಿಗೆ ಹೋಗಲು ಅನುಮತಿ ಕೇಳಿದ್ದ. ಮನೆಯವರು ಒಪ್ಪುತ್ತಾರೆಯೇ ಎಂದು ನಾವು ತಿಳಿದು ಬರಬೇಕಿತ್ತು. ಭಾಗಮಂಡಲ ದಾಟಿ ಕಾಡಿನ ತಿರುವುಗಳಲ್ಲಿ ಬಸ್ಸು ಇಳಿಯುವಾಗ ಮೇಡಂ ಕಡತ ತೆರೆದು ತೋರಿಸಿದರು. ತೋಟಕ್ಕೆ ತೋಡಿನ ನೀರು ತಿರುಗಿಸುವ ವಿಷಯದಲ್ಲಿ ಅಣ್ಣ ತಮ್ಮಂದಿರಿಗೆ ಜಗಳವಾಗಿತ್ತು. ಅಣ್ಣ ಕತ್ತಿ ಬೀಸಿದ್ದ. ತಮ್ಮ ಅಂಗಳದಲ್ಲೇ ಪ್ರಾಣ ಬಿಟ್ಟಿದ್ದ.

ವರದಿಯ ನಮೂನೆಯಲ್ಲಿ ಎರಡು ಕಾಲಂಗಳಿದ್ದವು. ಒಂದು ಕೈದಿಯ ಕುಟುಂಬದ ಅಭಿಪ್ರಾಯಕ್ಕೆ, ಇನ್ನೊಂದು ಮೃತನ ಕುಟುಂಬದ ಅಭಿಪ್ರಾಯಕ್ಕೆ.

"ಎರಡು ಮನೆಗೆ ಹೋಗ್ಬೇಕಾ ಮೇಡಂ?" ಎಂದು ಕೇಳಿದೆ.

"ಒಂದೇ ಮನೆ ಕಣಮ್ಮ" ಎಂದರು.

ಹೆಂಚಿನ ಸಣ್ಣ ಮನೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಇಬ್ಬರಿಗೂ ತಾಯಿ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಸತ್ತವನ ಹೆಂಡತಿ, ಮೂವತ್ತು ದಾಟಿರಲಾರಳು. ಅವಳ ಮಗಳು, ಆರೇಳು ವರ್ಷದವಳು, ಅಜ್ಜಿಯ ತೊಡೆಗೆ ಒರಗಿ ನಮ್ಮನ್ನೇ ನೋಡುತ್ತಿದ್ದಳು. ಜೈಲಿನಲ್ಲಿದ್ದ ದೊಡ್ಡ ಮಗನಿಗೆ ಮದುವೆಯಾಗಿರಲಿಲ್ಲ.

ಮೇಡಂ ಬಂದ ವಿಷಯ ಹೇಳಿದರು. ಅಜ್ಜಿ ಸೊಸೆಯ ಕಡೆ ತಿರುಗಲಿಲ್ಲ. "ಬೊತ್ತು" ಎಂದರು.

ಅದು ನಮ್ಮ ಮನೆಯಲ್ಲೂ ಆಡುವ ಅರೆಭಾಷೆಯ ಮಾತು. ಮೇಡಂ ನನ್ನತ್ತ ನೋಡಿದಾಗ "ಬೇಡ ಅಂತಿದ್ದಾರೆ" ಎಂದೆ. ಬಾಗಿಲಲ್ಲಿದ್ದವಳನ್ನೂ ಮೇಡಂ ಕೇಳಿದರು. ಅವಳು "ಅತ್ತೆ ಹೇಳಿದ್ರಲ್ಲ" ಎಂದು ಒಳಗೆ ಹೋದಳು. ಎರಡು ಕಾಲಂಗಳಲ್ಲೂ ನಾನು ಒಂದೇ ಪದ ಬರೆದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಾವು ರಸ್ತೆಯ ಕಡೆ ಹೊರಟಾಗ ಅಜ್ಜಿ ಕೋಲೂರಿಕೊಂಡು ಹಿಂದೆಯೇ ಬಂದರು. ಮನೆ ಮರೆಯಾದ ಮೇಲೆ ಮೇಡಂ ಅವರ ಕೈ ಹಿಡಿದುಕೊಂಡು, "ಅವ ಹೇಗಿದ್ದಾನೆ? ಸೊರಗಿದ್ದಾನಾ?" ಎಂದು ಕೇಳಿದರು.

"ನಾನು ನೋಡಿಲ್ಲ ಅಜ್ಜಿ. ಇಷ್ಟು ವರ್ಷದಲ್ಲಿ ನೀವು ಒಂದು ಸಲಾನೂ ಹೋಗಿಲ್ವ?" ಎಂದರು ಮೇಡಂ.

"ಹೆಂಗೆ ಹೋಗ್ಲಿ? ಅವಳ ಮುಂದೆ ಸೀರೆ ಉಟ್ಕೊಂಡು, ಅವನ ನೋಡಿ ಬರ್ತೇನೆ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಉಂಟಾ?" ಎಂದರು. ಅಳಲಿಲ್ಲ. "ಚಿಕ್ಕವನ ನೆನೆದ್ರೆ ದೊಡ್ಡವನ ಮುಖವೂ ಬರ್ತದೆ. ಒಬ್ಬನ್ನೇ ನೆನೆಯೋದು ನಂಗೆ ಗೊತ್ತಿಲ್ಲ."

ಮೇಡಂ ಕಚೇರಿಯ ಹಳೇ ಸುತ್ತೋಲೆಯೊಂದರ ಹಿಂದೆ ನನ್ನ ಮೈಸೂರಿನ ವಿಳಾಸ, ಫೋನ್ ನಂಬರ್ ಬರೆಸಿ ಕೊಟ್ಟರು. "ಈ ಹುಡುಗಿ ಮೈಸೂರಲ್ಲೇ ಓದೋದು. ಮಗನ್ನ ನೋಡೋ ಮನಸ್ಸಾದ್ರೆ ಫೋನ್ ಮಾಡ್ಸಿ" ಎಂದರು. ಬಸ್ಸಿನಲ್ಲಿ ನಾನು, "ಮೇಡಂ, ಅಜ್ಜಿಗೆ ಆಸೆ ಇದೆ ಅಂತ ಬರೀಬೋದಲ್ವ?" ಎಂದೆ. ಅವರು ಕೂಡದೆಂದು ತಲೆಯಾಡಿಸಿದರು. "ಆ ಹೆಣ್ಣುಮಗಳೂ ಅದೇ ಮನೇಲಿ ಬದುಕ್ಬೇಕು. ಅಜ್ಜಿ ಅದನ್ನ ನೋಡಿ ಬೇಡ ಅಂದವ್ರೆ. ಅದನ್ನ ನಾವು ತಿದ್ದೋದಲ್ಲ." ಪೆರೋಲ್ ಸಿಗಲಿಲ್ಲ.

ಎರಡು ತಿಂಗಳ ಮೇಲೆ ಹಾಸ್ಟೆಲಿನಲ್ಲಿದ್ದಾಗ ಫೋನ್ ಬಂತು. ಅಜ್ಜಿಯದಲ್ಲ, ಸೊಸೆಯದು.

"ನೀವು ಅವತ್ತು ಮೇಡಂ ಜೊತೆ ಬಂದವರಲ್ವ? ನಾಳಿದ್ದು ಅತ್ತೆಯನ್ನು ಮಡಿಕೇರಿಲಿ ಮೈಸೂರು ಬಸ್ಸಿಗೆ ಹತ್ತಿಸ್ತೇನೆ. ನೀವು ಇಳಿಸ್ಕೊಳ್ತೀರಾ?"

"ಅಜ್ಜಿ ಹೇಳಿದ್ರಾ ಅಕ್ಕ?"

"ಅವರು ಏನೂ ಹೇಳ್ಲಿಲ್ಲ. ನಿಮ್ಮ ನಂಬರ್ ಇರೋ ಕಾಗದ ತಲೆದಿಂಬಿನ ಅಡಿಲಿ ಇತ್ತು. ಗುಡಿಸುವಾಗ ಸಿಕ್ತು." ಫೋನ್ ಇಡುವ ಮುಂಚೆ, "ಅವನ ಸುದ್ದಿ ಮಾತ್ರ ನಂಗೆ ಹೇಳ್ಬೇಡಿ" ಎಂದಳು.

ಜೈಲಿನ ಭೇಟಿ ಕೋಣೆಯಲ್ಲಿ ಗಾಜಿನ ಆಚೆಗೊಂದು ಫೋನ್, ಈಚೆಗೊಂದು ಫೋನ್. ಅಜ್ಜಿಗೆ ಅದನ್ನು ಹಿಡಿಯಲು ಬರಲಿಲ್ಲ. ನಾನೇ ಕಿವಿಗೆ ಒತ್ತಿ ಹಿಡಿದೆ. ಮಗನ ಕೂದಲು ಅರ್ಧ ನೆರೆತಿತ್ತು. ಅವನು, "ಮಗು ಶಾಲೆಗೆ ಹೋಗ್ತದಾ?" ಎಂದ. ಫೋನಿನ ಸದ್ದು ನನಗೂ ಕೇಳಿಸಿತು. ತಮ್ಮನ ಮಗಳನ್ನು ಕೇಳುತ್ತಿದ್ದ. ಅಜ್ಜಿ "ಹೋಗ್ತದೆ" ಎಂದರು. ಸಮಯ ಮುಗಿಯಿತೆಂದು ಕಾವಲಿನವರು ಹೇಳಿ, ಅವನು ಎದ್ದು ಹೋದ ಮೇಲೂ ಅಜ್ಜಿ ಗಾಜಿನ ಆಚೆಯ ಖಾಲಿ ಸ್ಟೂಲನ್ನೇ ನೋಡುತ್ತಿದ್ದರು. ಬಸ್ ನಿಲ್ದಾಣದವರೆಗೆ ಅವರು ನನ್ನ ಕೈ ಬಿಡಲಿಲ್ಲ.

ಪರೀಕ್ಷೆಯಲ್ಲಿ ಆ ವರದಿಗೆ ನನಗೆ ಒಳ್ಳೆಯ ಅಂಕ ಬಂತು. ಪದವಿ ಮುಗಿಯಿತು. ಮೇಡಂ ನಿವೃತ್ತರಾಗಿ ಊರಿಗೆ ಹೋದರು. ಅವರ ಹುದ್ದೆಯಂಥದಕ್ಕೆ ಅರ್ಜಿ ಕರೆಯುತ್ತಾರೆಂದು ನಾನಿನ್ನೂ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಮೈಸೂರಿನಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪ್ ಮಾಡುತ್ತೇನೆ. ಕಕ್ಷಿದಾರರು ಬಂದು ಹೋಗುತ್ತಾರೆ, ನಾನು ಯಾರ ಮನೆಗೂ ಹೋಗುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಕರಿಕೆಯ ಅಕ್ಕ ಮತ್ತೆ ಫೋನ್ ಮಾಡಿದಳು. ಇನ್ನೊಂದು ಅರ್ಜಿ ಬಂದಿತ್ತಂತೆ, ಹೊಸ ಅಧಿಕಾರಿ ಬಂದು ಕೇಳಿದರಂತೆ. ಈ ಸಲ ಅತ್ತೆ ಬಾಯಿ ತೆರೆಯುವ ಮೊದಲೇ ತಾನೇ "ಬರ್ಲಿ" ಎಂದುಬಿಟ್ಟಳಂತೆ. ಅವನು ಬರುವ ಹಿಂದಿನ ದಿನ ಮಗಳನ್ನು ಕರೆದುಕೊಂಡು ಕಕ್ಕಬೆಯ ತವರಿಗೆ ಹೋದಳಂತೆ. ಅವನ ಮುಖ ನೋಡಲು ಅವಳಿಂದಾಗದು. ಅತ್ತೆಗೆ ಮಾತ್ರ ಹತ್ತು ದಿನ ಮಗ ಸಿಗಲಿ ಎಂದುಕೊಂಡಳು.

"ಅಜ್ಜಿಗೆ ಖುಷಿ ಆಯ್ತಾ?" ಎಂದು ಕೇಳಿದೆ.

ಅವಳು ನಗುವಂತೆ, ಅಳುವಂತೆ ಏನೋ ಸದ್ದು ಮಾಡಿದಳು. "ಎಂತ ಹೇಳೋದು! ದಿನಾ ಸಂಜೆ ಪಕ್ಕದ ಮನೆಯವರ ಫೋನಿಂದ ಕರೆ ಮಾಡಿ, ಮಗು ಉಂಡಿತಾ, ಮಗುವಿನ ಕೈಲಿ ಕೊಡು, ಮನೆ ಬಿಕೋ ಅಂತದೆ ಅಂತಿದ್ರು. ಅವ ಹೊರಟ ದಿನವೇ ನಾವು ಬಂದ್ವಿ. ಮಗುವನ್ನು ತಬ್ಬಿಕೊಂಡ್ರು. ಕಣ್ಣು ಮಾತ್ರ ರಸ್ತೆ ಕಡೆ ಇತ್ತು."

ಅಜ್ಜಿಗೆ ಒಮ್ಮೆ ಮಾತಾಡಬೇಕಂತೆ ಎಂದು ಅವಳು ಫೋನ್ ಕೊಟ್ಟಳು. "ನೀನು ಯಾವಾಗ ಬರ್ತಿ?" ಎಂದರು ಅಜ್ಜಿ. ಭಾನುವಾರ ಬರುತ್ತೇನೆ ಎಂದೆ. ಎಷ್ಟೋ ಭಾನುವಾರಗಳು ಕಳೆದವು, ನಾನಿನ್ನೂ ಹೋಗಿಲ್ಲ.